ಹೆಸರಿನ ಕೆಳಗಿನ ಸಾಲು: ಆಟಗಾರರ, ಕೋಚ್‌ಗಳ ಜಾಡಿನಲ್ಲಿ ಬೆಂಗಳೂರಿನಿಂದ ಕರಾವಳಿಗೆ ಆರು ದಿನ

ಹೊರಡುವ ಮೊದಲು

ಈ ದಾರಿಯಲ್ಲಿ ಸಿಗುವ ದೊಡ್ಡ ಕ್ರೀಡಾಂಗಣಗಳ ಹೆಸರನ್ನೊಮ್ಮೆ ನೋಡಿ. ಚಿನ್ನಸ್ವಾಮಿ ಕ್ರಿಕೆಟ್ ಆಡಳಿತಗಾರರು. ಕಂಠೀರವ ಎಂಬುದು ಮೈಸೂರು ಅರಸರ ಮನೆತನದ ಹೆಸರು. ಕಾರ್ಯಪ್ಪ ಫೀಲ್ಡ್ ಮಾರ್ಷಲ್, ದೇವರಾಜ ಅರಸು ಮುಖ್ಯಮಂತ್ರಿ. ಆಡಿದವರ ಹೆಸರು ಬೇಕೆಂದರೆ ಒಳಗಿನ ಫಲಕ ಹುಡುಕಬೇಕು. ಆಡಿಸಿದವರ ಹೆಸರು ಬೇಕೆಂದರೆ ಫಲಕದ ಕೊನೆಯ ಸಾಲಿಗೆ ಬಗ್ಗಬೇಕು, ಅಲ್ಲಿಯೂ ಇದ್ದರೆ ಉಂಟು. ಈ ಆರು ದಿನದ ದಾರಿ ಹಾಕಿದ್ದು ಆ ಕೊನೆಯ ಸಾಲಿಗಾಗಿ.

ಕಾಲ ಯಾವುದು ಅನ್ನುವುದು ಮುಖ್ಯ. ಕೊಡಗಿನ ಕೌಟುಂಬಿಕ ಹಾಕಿ ಏಪ್ರಿಲ್ ಹೊತ್ತಿಗೆ, ಮೈಸೂರಿನ ನಾಡಕುಸ್ತಿ ದಸರೆಗೆ, ಕರಾವಳಿಯ ಕಂಬಳ ನವೆಂಬರ್‌ನಿಂದ ಮಾರ್ಚ್–ಏಪ್ರಿಲ್‌ವರೆಗೆ. ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಲು ಆಗದು. ಒಂದನ್ನೇ ಆರಿಸಬೇಕೆಂದರೆ ಹಾಕಿ ಆರಿಸಿ, ಏಪ್ರಿಲ್‌ನಲ್ಲಿ ಹೊರಡಿ. ಕುಸ್ತಿಯ ಅಖಾಡ, ಕಂಬಳದ ಕರೆ (ಕೋಣ ಓಡುವ ಕೆಸರಿನ ಅಂಗಳ) ನೋಡಿಕೊಂಡು ಬಂದರಾಯಿತು.

ಫಲಕ ಓದುವಾಗ ಪ್ರಶಸ್ತಿಗಳ ಲೆಕ್ಕ ಗೊತ್ತಿರಲಿ. ಅರ್ಜುನ ಶುರುವಾದದ್ದು 1961ರಲ್ಲಿ, ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ 1985ರಲ್ಲಿ. ದ್ರೋಣಾಚಾರ್ಯದಲ್ಲಿ ಎರಡು ಬಗೆ. ಹತ್ತಿರದ ವರ್ಷಗಳ ಫಲಿತಾಂಶ ನೋಡಿ ಕೊಡುವುದೊಂದು, ದಶಕಗಟ್ಟಲೆ ದುಡಿದವರಿಗೆ ಕೊಡುವ ಜೀವಮಾನ ಸಾಧನೆಯದು ಇನ್ನೊಂದು. ಜೀವಮಾನದ ಪ್ರಶಸ್ತಿಯ ವರ್ಷ ಹಿಡಿದು ಶಿಷ್ಯರನ್ನು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಶಿಷ್ಯರು ಇಪ್ಪತ್ತು ಮೂವತ್ತು ವರ್ಷ ಹಿಂದೆಯೇ ಓಡಿ ಮುಗಿಸಿರುತ್ತಾರೆ. ರಾಜ್ಯ ಮಟ್ಟದಲ್ಲಿ ಕ್ರೀಡಾಪಟುಗಳಿಗೆ ಏಕಲವ್ಯ, ದೇಸಿ ಆಟಗಳಿಗೆ ಕರ್ನಾಟಕ ಕ್ರೀಡಾರತ್ನ. ಪ್ರಶಸ್ತಿಯ ವರ್ಷ ಬೇರೆ, ಪ್ರದಾನವಾದ ವರ್ಷ ಬೇರೆ ಇರುವುದುಂಟು. ಎರಡು ಫಲಕಗಳಲ್ಲಿ ಒಬ್ಬರಿಗೇ ಎರಡು ವರ್ಷ ಕಂಡರೆ ಬಹುಪಾಲು ಕಾರಣ ಇದೇ. ದೆಹಲಿಯಲ್ಲಿ ಗುರುವಿಗೆ ದ್ರೋಣನ ಹೆಸರು, ಬೆಂಗಳೂರಿನಲ್ಲಿ ಆಟಗಾರನಿಗೆ ಹೆಬ್ಬೆರಳು ಕಳಕೊಂಡವನ ಹೆಸರು. ಹೆಸರಿಟ್ಟವರು ಇವೆರಡನ್ನೂ ಎದುರುಬದುರು ಇಟ್ಟು ನೋಡಿದ್ದರೋ ಇಲ್ಲವೋ.

ದಿನ 1: ಕಬ್ಬನ್ ಪಾರ್ಕಿನ ಸುತ್ತ

ನೇರಳೆ ಮಾರ್ಗದ ಮೆಟ್ರೊದಲ್ಲಿ ಬಂದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣ ಪಕ್ಕದಲ್ಲೇ. ಪಂದ್ಯ ಇಲ್ಲದ ದಿನ ಒಳಗೆ ಬಿಡುತ್ತಾರೆಂದು ನಂಬಿಕೊಂಡು ಹೋಗಬೇಡಿ. ಹೊರಗಿನಿಂದ ಒಂದು ಸುತ್ತು ಹಾಕಿ, ಎಂ.ಜಿ. ರಸ್ತೆಯ ಅನಿಲ್ ಕುಂಬ್ಳೆ ವೃತ್ತದಲ್ಲಿ ನಿಂತರೆ ಸಾಕು. ಆಟಗಾರನ ಹೆಸರು ರಸ್ತೆಗೆ ಬಂದಿರುವುದೇ ಇಲ್ಲೊಂದು ವಿಶೇಷ. 619 ಟೆಸ್ಟ್ ವಿಕೆಟ್, ಅದರಲ್ಲಿ 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ 74 ರನ್ನಿಗೆ ಹತ್ತಕ್ಕೆ ಹತ್ತು. ಐಸಿಸಿ ಹಾಲ್ ಆಫ್ ಫೇಮ್‌ಗೆ ಕುಂಬ್ಳೆ ಸೇರಿದ್ದು 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ.

ಈ ಮೈದಾನದ ನಿಜವಾದ ವರ್ಷ ಮಾತ್ರ 1974. ಆ ವರ್ಷ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಇಲ್ಲಿ ಗಾವಸ್ಕರರನ್ನು ಬೌಲ್ಡ್ ಮಾಡಿದರು. ಸತತ 15 ಸಲ ಗೆದ್ದಿದ್ದ ಬಾಂಬೆ ಮನೆಗೆ ಹೋಯಿತು, ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿತು. ಅದೇ ನವೆಂಬರ್‌ನಲ್ಲಿ ಇಲ್ಲಿಯ ಮೊದಲ ಟೆಸ್ಟ್. ವಿವಿಯನ್ ರಿಚರ್ಡ್ಸ್‌ಗೂ ಅದು ಮೊದಲ ಟೆಸ್ಟ್. ಎರಡು ಇನಿಂಗ್ಸ್‌ಗಳಲ್ಲಿ 4 ಮತ್ತು 3 ರನ್, ಎರಡೂ ಸಲ ವಿಕೆಟ್ ಚಂದ್ರಶೇಖರ್ ಅವರದು. ಪೋಲಿಯೊದಿಂದ ಸಣಕಲಾದ ಬಲಗೈಯಲ್ಲೇ ಬೌಲ್ ಮಾಡಿ 242 ಟೆಸ್ಟ್ ವಿಕೆಟ್ ತೆಗೆದವರು; ಬ್ಯಾಟಿನಿಂದ ಬಂದದ್ದು 167 ರನ್. ಶಾಂತಾ ರಂಗಸ್ವಾಮಿಯವರನ್ನು ಮರೆಯುವಂತಿಲ್ಲ. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, ಕ್ರಿಕೆಟ್‌ಗೆ ಅರ್ಜುನ ಪಡೆದ ಮೊದಲ ಮಹಿಳೆ, ಎರಡೂ 1976ರಲ್ಲಿ.

ಅಲ್ಲಿಂದ ಪಾರ್ಕಿನ ಅಂಚು ಹಿಡಿದು ಕಸ್ತೂರಬಾ ರಸ್ತೆಯಲ್ಲಿ ನಡೆದರೆ ಕಂಠೀರವ. ಸಂಪಂಗಿ ಕೆರೆಯ ಅಂಗಳ ಇದು. ಬೆಂಗಳೂರಿನ ಕೆರೆಗಳು ಹೀಗೆ ಕ್ರೀಡಾಂಗಣಗಳಾಗಿ ಹೋದವು. ನಾಳೆ ನೋಡುವ ಹಾಕಿ ಮೈದಾನದ ಕಥೆಯೂ ಇದೇ. ಬೆಳಿಗ್ಗೆ ಅಥವಾ ಸಂಜೆ, ಅಭ್ಯಾಸದ ಹೊತ್ತಿಗೇ ಹೋಗಿ. ಗೇಟಿನಲ್ಲಿ ಕೇಳಿ ಗ್ಯಾಲರಿಗೆ ಹತ್ತಿ. ಟ್ರ್ಯಾಕಿನ ಮೇಲೆ ಚಪ್ಪಲಿ ಕಾಲಿಡಬೇಡಿ, ಒಳಗಿನ ಒಂದನೇ, ಎರಡನೇ ಲೇನ್‌ಗೆ ಅಡ್ಡ ಹೋಗಲೇಬೇಡಿ.

ಗ್ಯಾಲರಿಯಿಂದ ನೋಡಬೇಕಾದ್ದು 400 ಮೀಟರಿನ ಆರಂಭದ ಗೆರೆಗಳು. ಮೆಟ್ಟಿಲಿನ ಹಾಗೆ ಒಂದರ ಮುಂದೊಂದು ಇರುತ್ತವೆ. ಲೇನಿನ ಅಗಲ 1.22 ಮೀಟರ್. ಎರಡನೇ ಲೇನಿನವರು ಮೊದಲನೆಯವರಿಗಿಂತ 7.04 ಮೀಟರ್ ಮುಂದೆ, ಆಮೇಲಿನ ಪ್ರತಿ ಲೇನಿಗೂ 7.67 ಮೀಟರ್ ಹೆಚ್ಚು. ಎಂಟನೇ ಲೇನಿಗೆ ಬರುವ ಹೊತ್ತಿಗೆ ಒಟ್ಟು 53 ಮೀಟರಿಗೆ ಚೂರು ಮೇಲೆ. ಎರಡನೆಯದಕ್ಕೆ ಮಾತ್ರ ಲೆಕ್ಕ ಬೇರೆ ಯಾಕೆ? ಮೊದಲ ಲೇನಿನ ಒಳಗೆ ಎತ್ತರಿಸಿದ ಅಂಚು ಇರುವುದರಿಂದ ಅದರ ಉದ್ದವನ್ನು ಅಂಚಿನಿಂದ 30 ಸೆಂ.ಮೀ. ಆಚೆ ಅಳೆಯುತ್ತಾರೆ. ಉಳಿದವನ್ನು ಒಳಗೆರೆಯಿಂದ 20 ಸೆಂ.ಮೀ. ಆಚೆ. ಸುಣ್ಣದಲ್ಲಿ ಟ್ರ್ಯಾಕ್ ಎಳೆಯುವವರು ಎಡವುವುದು ಸರಿಯಾಗಿ ಇಲ್ಲೇ. ಎಲ್ಲದಕ್ಕೂ 7.67 ಹಾಕಿಬಿಟ್ಟರೆ ಎರಡನೇ ಲೇನಿನಿಂದ ಆಚೆಯವರೆಲ್ಲ 63 ಸೆಂ.ಮೀ. ಕಡಿಮೆ ಓಡುತ್ತಾರೆ, ಮೊದಲ ಲೇನಿನ ಹುಡುಗಿ ಸುಮ್ಮನೆ ಸೋಲುತ್ತಾಳೆ. ಟೇಪು ಹಿಡಿದು ಇದನ್ನು ಸರಿ ಮಾಡುವ ಮನುಷ್ಯನ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ.

ಓಟದ ಹೆಸರುಗಳಲ್ಲಿ ಕೆನೆತ್ ಪೊವೆಲ್ ಹಿರಿಯರು. ಕೋಲಾರದ ಚಿನ್ನದ ಗಣಿಯ ಊರಿನವರು, 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಹೋದವರು, 1965ರ ಅರ್ಜುನ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ 4x400 ರಿಲೇ ತಂಡದಲ್ಲಿ ವಂದನಾ ರಾವ್ ಇದ್ದರು. ಕೋಚ್‌ಗಳ ಸಾಲಿನಲ್ಲಿ ಎನ್. ಲಿಂಗಪ್ಪ, 2014ರ ದ್ರೋಣಾಚಾರ್ಯ, ವಿ.ಆರ್. ಬೀಡು, 2018ರದು. ಎರಡೂ ಜೀವಮಾನ ಸಾಧನೆಗೆ. ಇದೇ ಮೈದಾನದಲ್ಲಿ 2025ರ ಜುಲೈ 5ರಂದು ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ ನಡೆದು, ನೀರಜ್ 86.18 ಮೀಟರ್ ಎಸೆದು ಗೆದ್ದರು.

ದಿನ 2: ಮದುವೆ ಛತ್ರ, ಈಜುಕೊಳ, ಬರಿಗಾಲು

ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದು ಮಲ್ಲೇಶ್ವರದ ಕೆನರಾ ಯೂನಿಯನ್ ಕೇಳಿಕೊಂಡು ಹೋಗಿ. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಈ ಸಭಾಂಗಣದಲ್ಲಿ. ಮದುವೆ ಮುಂಜಿಗೆ ಬಾಡಿಗೆ ಹೋಗುವ ಜಾಗವಾದ್ದರಿಂದ, ಹುಡುಗ ಪ್ರಕಾಶ್ ಇವತ್ತು ಯಾವುದಾದರೂ ಕಾರ್ಯಕ್ರಮ ಉಂಟೇ ಎಂದು ಮೊದಲು ವಿಚಾರಿಸಬೇಕಿತ್ತು. ಇಲ್ಲವೆಂದರೆ ಶಾಲೆ ಬಿಟ್ಟ ಕೂಡಲೇ ರ‍್ಯಾಕೆಟ್ ಹಿಡಿದು ಓಡುವುದು. ಬ್ಯಾಡ್ಮಿಂಟನ್ ಅಂಗಣ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಅಂಗಣ ಹಿಡಿಸುವ ಹಾಲ್ ಸಿಗುವುದು ಕಷ್ಟವಲ್ಲ. ತಲೆಯ ಮೇಲೆ ಎತ್ತರ ಸಿಗುವುದು, ಗಾಳಿ ನುಗ್ಗದಂತೆ ಮುಚ್ಚುವುದು ಕಷ್ಟ. ಐದು ಗ್ರಾಂ ತೂಗುವ ಶಟಲ್ ಕಿಟಕಿಯ ಗಾಳಿಗೇ ಅತ್ತಿತ್ತ ಆಗುತ್ತದೆ. ಇಂಥ ಹಾಲ್‌ನಿಂದ ಹೊರಟವರು 1980ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿದರು. ಆಗ ಸರ್ವ್ ಮಾಡಿದವರಿಗಷ್ಟೇ ಪಾಯಿಂಟ್. 15–3 ಅಂದರೆ ಎದುರಾಳಿಯ ಕೈಗೆ ಸರ್ವ್ ಹೋದರೂ ಅದರಿಂದ ಮೂರು ಪಾಯಿಂಟಿಗಿಂತ ಹೆಚ್ಚು ಹುಟ್ಟಲಿಲ್ಲ ಎಂದರ್ಥ.

ಕೊನೆಯ ಸಾಲು ಇಲ್ಲಿ ಸ್ಪಷ್ಟವಾಗಿ ಸಿಗುತ್ತದೆ. 1994ರಲ್ಲಿ ಪ್ರಕಾಶ್ ಜೊತೆ ಅಕಾಡೆಮಿ ಕಟ್ಟಿದ ಯು. ವಿಮಲ್ ಕುಮಾರ್ 2019ರ ದ್ರೋಣಾಚಾರ್ಯ. 2015ರಲ್ಲಿ ಸೈನಾ ನೆಹ್ವಾಲ್ ವಿಶ್ವದ ಒಂದನೇ ಸ್ಥಾನಕ್ಕೆ ಏರಿದಾಗ ಕೋಚ್ ಅವರೇ. ಅಕಾಡೆಮಿ ಈಗ ಊರ ಉತ್ತರಕ್ಕೆ, ಯಲಹಂಕದ ಕಡೆ ಇದೆ. ಮೊದಲೇ ಅನುಮತಿ ಪಡೆಯದೆ ಅಷ್ಟು ದೂರ ಹೋಗುವುದು ದಂಡ.

ಈಜಿನಲ್ಲಿ ಬೆಂಗಳೂರಿಗೆ ಎರಡು ವರ್ಷ ಒಂದರ ಹಿಂದೊಂದು ದ್ರೋಣಾಚಾರ್ಯ ಬಂತು: 2015ರಲ್ಲಿ ನಿಹಾರ್ ಅಮೀನ್, 2016ರಲ್ಲಿ ಬಸವನಗುಡಿ ಈಜು ಕೇಂದ್ರದ ಎಸ್. ಪ್ರದೀಪ್ ಕುಮಾರ್. 2021ರಲ್ಲಿ ಪ್ರದೀಪ್ ಕುಮಾರ್ ಕೈಕೆಳಗೆ ಪಳಗಿದ ಸಾಜನ್ ಪ್ರಕಾಶ್ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ನ ‘ಎ’ ಅರ್ಹತಾ ಸಮಯ ಮುಟ್ಟಿದ ಮೊದಲ ಭಾರತೀಯ ಈಜುಗಾರರಾದರು. ಈಜುಕೊಳದ ದಡದಲ್ಲಿ ಫೋಟೊ ತೆಗೆಯಬೇಡಿ. ಮಕ್ಕಳು ಅಭ್ಯಾಸ ಮಾಡುವ ಜಾಗ, ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಸಂಜೆ ಹಲಸೂರು ಬಳಿಯ ಗೌತಮಪುರ. ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಕಾಲ್ಚೆಂಡಿನ ಕೇರಿ ಇದು. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಬಡಿದಾಗ ಆ ಒಂದು ಗೋಲು ಅವರದು. ಬರಿಗಾಲಿನ ಆಟ ಚಳಿಯ ಒದ್ದೆ ಹುಲ್ಲಿನಲ್ಲಿ ನಡೆಯುವುದಿಲ್ಲ ಎಂಬುದು ಅಲ್ಲಿ ಖಾತ್ರಿಯಾಯಿತು. ಬೂಟು ಕಡ್ಡಾಯವಾದದ್ದು ಆಮೇಲೆ.

ಶಾಂತಿನಗರದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲಿದೆ. ಹೊತ್ತಿದ್ದರೆ ಹೊಕ್ಕು ಬನ್ನಿ. ಹಾಕಿಯ ಮಾತು ಕೊಡಗಿಗೇ ಇರಲಿ. ಜೂಡ್ ಫೆಲಿಕ್ಸ್, ಭಾರತದ ನಾಯಕರಾಗಿದ್ದು ಆಮೇಲೆ ಮಕ್ಕಳಿಗೆ ಅಕಾಡೆಮಿ ನಡೆಸಿ 2020ರಲ್ಲಿ ದ್ರೋಣಾಚಾರ್ಯ ಪಡೆದವರು, ಈ ಊರಿನವರು ಎಂಬುದಷ್ಟು ನೆನಪಿರಲಿ.

ದಿನ 3: ಮೈಸೂರಿನ ಮಣ್ಣು

ಸುಮಾರು 145 ಕಿ.ಮೀ. ರೈಲೇ ಸಲೀಸು. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಊರೂರಿನ ಹಂಪು ಎಣಿಸಿಕೊಂಡು ಹೋಗಬೇಕು.

ದೊಡ್ಡಕೆರೆ ಮೈದಾನದ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ದಸರಾ ಕುಸ್ತಿ. ಅಖಾಡಕ್ಕೆ ಸಾಹುಕಾರ್ ಚನ್ನಯ್ಯ ಅವರ ಹೆಸರು. ದಸರೆಗೆ ಬರುವವರು ಪಂದ್ಯದ ದಿನವೇ ಬಂದರೆ ಅರ್ಧ ನೋಡಿದಂತೆ. ಅದಕ್ಕೂ ಮುಂಚೆ ನಡೆಯುವ ಜೋಡಿ ಕಟ್ಟುವುದನ್ನು ನೋಡಬೇಕು. ತೂಕ, ವಯಸ್ಸು, ಹಿಂದಿನ ಪಂದ್ಯ ನೋಡಿ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಕೈ ಕೂಡಿಸುತ್ತಾರೆ. ಜೋಡಿ ಸರಿ ಬೀಳದಿದ್ದರೆ ಎರಡು ನಿಮಿಷದಲ್ಲಿ ಚಿತ್ ಆಗಿ ಜನ ಗೊಣಗುತ್ತಾರೆ. ಅತಿ ಸಮವಾದರೆ ಹೊತ್ತು ಮುಗಿದರೂ ಇಬ್ಬರ ಬೆನ್ನೂ ಮಣ್ಣು ಮುಟ್ಟುವುದಿಲ್ಲ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರಿ ಎಂಬ ಬಿರುದುಗಳಿವೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆಯಿಂದ ಮೊದಲ ಹನಿ ರಕ್ತ ಬಿದ್ದೊಡನೆ ಮುಗಿಯಿತು. ನೀವು ರೆಪ್ಪೆ ಬಡಿದರೂ ಮುಗಿದುಹೋಗಬಹುದು.

ಏಪ್ರಿಲ್‌ನಲ್ಲಿ ಬಂದವರಿಗೆ ಹಳೇ ಮೊಹಲ್ಲಾಗಳ ಗರಡಿ ಮನೆಗಳೇ ಸರಿ. ಬೆಳಿಗ್ಗೆ ಬೇಗ ಹೋಗಬೇಕು. ಚಪ್ಪಲಿ ಹೊರಗೆ, ಹನುಮಂತನ ಪಟಕ್ಕೆ ಕೈ ಮುಗಿದು ಒಳಗೆ. ಬಾಗಿಲು ತಗ್ಗು, ಬಗ್ಗಿಯೇ ಹೋಗಬೇಕು. ಮಟ್ಟಿಯ (ಕುಸ್ತಿಯ ಕಣದ) ಕೆಮ್ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆದು ಎಣ್ಣೆ, ಅರಿಶಿನ ಬೆರೆಸಿರುತ್ತಾರೆ. ಗುದ್ದಲಿಯಲ್ಲಿ ಅಗೆದು ಸಡಿಲ ಮಾಡುವುದು ಹುಡುಗರ ಮೊದಲ ಕೆಲಸ, ಅದೇ ಅವರ ಮೊದಲ ಸಾಮು ಕೂಡ. ಅಗೆಯದೆ ಬಿಟ್ಟ ಮಣ್ಣು ಗಟ್ಟಿ ಕೂತು ಬಿದ್ದವರ ಭುಜ ಕಳಚುತ್ತದೆ. ತೀರಾ ಒಣಗಿದರೆ ದೂಳು ಕಣ್ಣಿಗೆ, ಹೆಚ್ಚು ನೀರಾದರೆ ಪಟ್ಟು ಜಾರುತ್ತದೆ. ಗೋಡೆಯ ಮೇಲೆ ಉಸ್ತಾದರ ಫೋಟೊಗಳು ಸಾಲಾಗಿ, ಹಾರ ಹಾಕಿಕೊಂಡು. ಈ ಪ್ರವಾಸದಲ್ಲಿ ಕಲಿಸಿದವರ ಪಟ ಕಲಿತವರ ಪಟಕ್ಕಿಂತ ಮೇಲೆ ಕಾಣುವ ಜಾಗ ಗರಡಿ ಒಂದೇ.

ದಿನ 4: ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ

ಹುಣಸೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಸುಮಾರು 90 ಕಿ.ಮೀ. ಕಾಡಿನಂಚಿನ ರಸ್ತೆ, ಕತ್ತಲಾಗುವ ಮೊದಲೇ ದಾಟಿಬಿಡಿ, ಆನೆ ಅಡ್ಡ ಬಂದರೆ ಹಾರನ್ ಮಾಡದೆ ದೂರದಲ್ಲೇ ನಿಲ್ಲಿ.

ಕೊಡಗಿನಲ್ಲಿ ಫಲಕ ಓದುವುದಕ್ಕೆ ಒಂದು ಕೀಲಿ ಇದೆ. ಕೊಡವರ ಹೆಸರಿನ ಮೊದಲ ಇನಿಶಿಯಲ್ ಮನೆತನದ್ದು. ಎಂ.ಪಿ. ಗಣೇಶ್ ಅಂದರೆ ಮೊಳ್ಳೇರ, ಎಂ.ಎಂ. ಸೋಮಯ್ಯ ಅಂದರೆ ಮನೆಯಪಂಡ, ಎ.ಬಿ. ಸುಬ್ಬಯ್ಯ ಅಂದರೆ ಅಂಜಪರವಂಡ. ಅದೇ ‘ಎಂ’ ಎರಡು ಬೇರೆ ಮನೆ. ಇನಿಶಿಯಲ್ ನೋಡಿ ಅಣ್ಣತಮ್ಮಂದಿರೆಂದು ಬರೆದುಕೊಂಡರೆ ಊರಿನವರು ನಗುತ್ತಾರೆ. ಗಣೇಶ್ 1972ರ ಮ್ಯೂನಿಕ್ ಕಂಚಿನ ತಂಡದಲ್ಲಿದ್ದವರು, 1973ರ ವಿಶ್ವಕಪ್ ಬೆಳ್ಳಿಗೆ ನಾಯಕ, ಮುಂದೆ ಭಾರತ ತಂಡಕ್ಕೆ ಕೋಚ್, 2020ರಲ್ಲಿ ಪದ್ಮಶ್ರೀ. ಸೋಮಯ್ಯ 1980ರ ಮಾಸ್ಕೊ ಚಿನ್ನದವರು, 1988ರ ಸೋಲ್‌ನಲ್ಲಿ ನಾಯಕ.

ಗೋಣಿಕೊಪ್ಪದ ಬಳಿ ಅಶ್ವಿನಿ ನಾಚಪ್ಪ ಅವರ ಶಾಲೆ, ಕಾಲ್ಸ್. 1988ರ ಅರ್ಜುನ, ಪಿ.ಟಿ. ಉಷಾರನ್ನು ಎರಡು ಸಲ ಹಿಂದಿಕ್ಕಿದವರು. ಶಾಲೆಯಾದ್ದರಿಂದ ಮುಂಚೆ ಕೇಳಿಯೇ ಹೋಗಬೇಕು. ಪೊನ್ನಂಪೇಟೆಯಲ್ಲಿ ಹಾಕಿ ಟರ್ಫ್ ಇದೆ. ಬಾಕ್ಸಿಂಗ್ ಕೋಚ್ ಸಿ.ಎ. ಕುಟ್ಟಪ್ಪ ಕೂಡ ಕೊಡಗಿನವರೇ, 2018ರ ದ್ರೋಣಾಚಾರ್ಯ. ಅದೇ ವರ್ಷ ಹಾಕಿಯ ಕ್ಲಾರೆನ್ಸ್ ಲೋಬೊ, ಮೊದಲ ದಿನ ಹೇಳಿದ ಬೀಡು ಇವರಿಗೂ ಬಂತು. ಟೆನಿಸ್‌ನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆ ಊರು ಈ ಊರೆಂದು ಹುಡುಕುತ್ತಾ ಹೋದರೆ ಕೊಡಗಿಗೇ ಆರು ದಿನ ಸಾಲದು.

ರಾತ್ರಿ ವಿರಾಜಪೇಟೆ.

ದಿನ 5: ಕೌಟುಂಬಿಕ ಹಾಕಿ, ಆಮೇಲೆ ಸೋಮವಾರಪೇಟೆ

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ಕುಟುಂಬಗಳ ತಂಡ ಸೇರಿಸಿ ಶುರು ಮಾಡಿದ ಪಂದ್ಯಾವಳಿ ಇದು. ವರ್ಷಕ್ಕೊಂದು ಕುಟುಂಬ ಜವಾಬ್ದಾರಿ ಹೊರುತ್ತದೆ, ಕಪ್ಪಿಗೂ ಆ ಕುಟುಂಬದ್ದೇ ಹೆಸರು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು, ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಜಾಗ ಪ್ರತಿವರ್ಷ ಬದಲಾಗುತ್ತದೆ. ಹಿಂದಿನ ವರ್ಷದ ಊರಿಗೆ ಕೋಣೆ ಕಾಯ್ದಿರಿಸಿ ಪೇಚಾಡುವವರಿದ್ದಾರೆ, ಮೊದಲು ಈ ಸಲದ ಆತಿಥೇಯ ಕುಟುಂಬ ಯಾವುದೆಂದು ತಿಳಿದುಕೊಳ್ಳಿ. ಫೈನಲ್‌ಗೆ ಹೋಗಬೇಡಿ ಎನ್ನುವುದು ನಮ್ಮ ಸಲಹೆ. ಜನಜಂಗುಳಿಯಲ್ಲಿ ಆಟ ಕಾಣುವುದಿಲ್ಲ. ಮೊದಲ ಸುತ್ತಿನ ದಿನಗಳಲ್ಲಿ ಹೋದರೆ ಒಂದೇ ತಂಡದಲ್ಲಿ ತಾತ, ಸೊಸೆ, ಶಾಲೆಯ ಹುಡುಗ ಆಡುವುದು ಸಿಗುತ್ತದೆ, ಪಕ್ಕದಲ್ಲೇ ನಿಂತು ನೋಡಬಹುದು.

ಹುಲ್ಲಿನ ಆಟಕ್ಕೂ ಟರ್ಫ್ ಆಟಕ್ಕೂ ವ್ಯತ್ಯಾಸ ತಿಳಿಯಲು ಪೆನಾಲ್ಟಿ ಕಾರ್ನರ್ ನೋಡಿ. ಗೋಲ್ ಪೆಟ್ಟಿಗೆ 3.66 ಮೀಟರ್ ಅಗಲ, 2.14 ಎತ್ತರ, ‘ಡಿ’ಯ ತ್ರಿಜ್ಯ 14.63 ಮೀಟರ್. ಗೋಲಿನ ಪಕ್ಕದ ಹಿಂಗೆರೆಯಿಂದ ತಳ್ಳಿದ ಚೆಂಡು ‘ಡಿ’ಯ ಹೊರಗೆ ಸ್ಟಿಕ್ಕಿಗೆ ಅಂಟಿದ ಹಾಗೆ ನಿಲ್ಲಬೇಕು, ಆಮೇಲೆ ಎಳೆದು ಫ್ಲಿಕ್. ಹುಲ್ಲಿನಲ್ಲಿ ಕೊನೆಯ ಎರಡು ಮೀಟರಿನಲ್ಲಿ ಚೆಂಡು ಪುಟಿಯುತ್ತದೆ, ನಿಲ್ಲಿಸುವವನ ಸ್ಟಿಕ್ ಮೇಲೆ ಹಾರಿ ಹೋಗುತ್ತದೆ. ಹಾಗಾಗಿ ಇಲ್ಲಿ ಗೋಲು ಹುಟ್ಟುವುದು ಓಟದಲ್ಲಿ, ಪಾಸಿನಲ್ಲಿ. ಟರ್ಫ್‌ನಲ್ಲಿ ಪಂದ್ಯಕ್ಕೆ ಮೊದಲು ನೀರು ಹೊಡೆಯುತ್ತಾರೆ. ಒಣಗಿದ್ದರೆ ಚೆಂಡು ನಿಧಾನವಾಗುತ್ತದೆ, ಬಿದ್ದವರ ಮೊಣಕಾಲು ಸುಟ್ಟ ಹಾಗೆ ತರಚುತ್ತದೆ. ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ ಟರ್ಫ್‌ನ ವಿದ್ಯೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಟರ್ಫ್‌ಗೆ ಹೋಯಿತು. ಹುಲ್ಲಿನಲ್ಲಿ ಪಳಗಿದ ಹುಡುಗನ ಕೈಯನ್ನು ಎರಡನೇ ಸಲ ತಿದ್ದುವ ಕೆಲಸ ಕೋಚ್‌ಗಳ ಪಾಲಿಗೆ ಬಂದದ್ದು ಅಂದಿನಿಂದ.

ಮಧ್ಯಾಹ್ನ ಮಡಿಕೇರಿಯಿಂದ ಸುಮಾರು 40 ಕಿ.ಮೀ. ದೂರದ ಸೋಮವಾರಪೇಟೆ. ಸಣ್ಣ ಪೇಟೆ, ನೋಡಲು ಸ್ಮಾರಕವೇನಿಲ್ಲ. 1975ರ ವಿಶ್ವಕಪ್ ಗೆದ್ದ ಬಿ.ಪಿ. ಗೋವಿಂದ, ಭಾರತದ ನಾಯಕರಾಗಿದ್ದ ಅರ್ಜುನ್ ಹಾಲಪ್ಪ, ಎರಡು ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಮೂವರೂ ಇಲ್ಲಿಯವರು. ಸುನಿಲ್ ಹೆಸರಿನ ‘ಎಸ್’ ಸೋಮವಾರಪೇಟೆಯದೇ. ಮಡಿಕೇರಿಗೆ ವಾಪಸ್.

ದಿನ 6: ಘಟ್ಟ ಇಳಿದು

ಸಂಪಾಜೆ ಘಾಟಿಯಲ್ಲಿ ಮಂಗಳೂರಿಗೆ ಸುಮಾರು 140 ಕಿ.ಮೀ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಏಪ್ರಿಲ್‌ನಲ್ಲಿ ಆ ಭಯವಿಲ್ಲ, ಸೆಕೆ ಉಂಟು. ಮಂಗಳಾ ಕ್ರೀಡಾಂಗಣದಲ್ಲಿ ಎಂ.ಆರ್. ಪೂವಮ್ಮ ಓಡಿ ಬೆಳೆದರು. 2014 ಮತ್ತು 2018ರ ಏಷ್ಯನ್ ಗೇಮ್ಸ್‌ಗಳ 4x400 ರಿಲೇ ಚಿನ್ನ ಅವರ ಹೆಸರಿನಲ್ಲಿದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಗೆ ಬಂದವರು, ಕಾಲೇಜಿನ ಕೋಚ್ ಮಾತು ಕೇಳಿ ಭಾರ ಎತ್ತಲು ಹೋದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಎತ್ತಿ ಕಂಚು.

ಮೂಡುಬಿದಿರೆ ದಾಟಿ ಕಾರ್ಕಳದ ಹತ್ತಿರ ಮಿಯಾರು. ಲವ–ಕುಶ ಜೋಡುಕರೆ ಕಂಬಳದ ಊರು. ಓಟಗಾರರಿಗೆ ತರಬೇತಿ ಕೊಡುವ ಕಂಬಳ ಅಕಾಡೆಮಿಯೂ ಇಲ್ಲಿಯದೇ. ಏಪ್ರಿಲ್‌ನಲ್ಲಿ ಕರೆಯಲ್ಲಿ ನೀರಿರುವುದಿಲ್ಲ, ಇಳಿದು ನಡೆಯಬಹುದು. ಕೋಣ ಬಿಡುವ ತುದಿ ಗಂತು, ಮುಟ್ಟುವ ತುದಿ ಮಂಜೊಟ್ಟಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಕನೆಹಲಗೆಯಲ್ಲಿ ವೇಗಕ್ಕೆ ಬೆಲೆಯಿಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲಿನ ನಿಶಾನೆ ಮುಟ್ಟಬೇಕು.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ, ನೂರು ಮೀಟರಿಗೆ ಭಾಗಿಸಿ 9.55 ಎಂದು ದೇಶವೆಲ್ಲ ಬೋಲ್ಟ್ ಜೊತೆ ಹೋಲಿಸಿತು. ಆ ಭಾಗಾಕಾರ ಕೆಲಸಕ್ಕೆ ಬರುವುದಿಲ್ಲ. ಕೋಣಗಳು ಎಳೆಯುತ್ತಿರುತ್ತವೆ, ನೂರು ಮೀಟರಿನ ಓಟಗಾರ ನಿಂತಲ್ಲಿಂದ ವೇಗ ಹುಟ್ಟಿಸಲು ಕಳೆಯುವ ಹೊತ್ತು ಉದ್ದ ಓಟದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಕರೆಗಳ ಉದ್ದವೂ ಊರಿಂದೂರಿಗೆ ಬೇರೆ, ಆದ್ದರಿಂದ ಎರಡು ಕಂಬಳಗಳ ಸಮಯವನ್ನೇ ಹೋಲಿಸಲು ಬಾರದು, ಇನ್ನು ಬೋಲ್ಟ್ ವಿಶ್ವದಾಖಲೆ ಬರೆದ ಬರ್ಲಿನ್‌ನ ಟ್ರ್ಯಾಕ್ ಮಾತು ಬಿಡಿ.

ಮಿಯಾರಿನಲ್ಲಿ ಯಾರನ್ನಾದರೂ ಕೇಳಿ ಹಳೆಯ ಕಂಬಳದ ಫಲಿತಾಂಶ ಪಟ್ಟಿ ನೋಡಿ. ವಿಭಾಗ, ಸ್ಥಾನ, ಕೋಣದ ಯಜಮಾನರ ಊರು, ಮನೆ, ಹೆಸರು. ಅದರ ಕೆಳಗೆ ಬೇರೆ ಸಾಲಿನಲ್ಲಿ: ‘ಓಡಿಸಿದವರು’, ಒಂದು ಹೆಸರು.